ಯುಫುಯಿನ್ ಬಿಸಿನೀರೂರಿನಿಂದ ಒಂದು ದಿನದ ಚಾರಣ: ತ್ಸುರುಮಿ, ಯುಫು, ಕುಜು – ನಮ್ಮ ಕಡೆಯವರಿಗೆ ಯಾವುದು ಹೊಂದೀತು?

ನೀರ್ಚಾಲು ಪದವು

ನವೆಂಬರ್ ಎರಡನೇ ವಾರ ಜಪಾನಿನ ಕ್ಯೂಶು ದ್ವೀಪಕ್ಕೆ ಹೊರಟಿದ್ದೇವೆ. ಯುಫುಯಿನ್‌ನಲ್ಲಿ ನಾಲ್ಕು ರಾತ್ರಿ. ಒಟ್ಟು ಐವರು: ಅರುವತ್ತು ದಾಟಿದವರು ಇಬ್ಬರು, ಹನ್ನೊಂದರ ಹುಡುಗಿ ಒಬ್ಬಳು, ಉಳಿದಿಬ್ಬರು ನಡುವಯಸ್ಸಿನವರು. ನಮ್ಮ ಕಾಸರಗೋಡಿನ ಗುಡ್ಡೆಗಳಾದ ಪೊಸಡಿಗುಂಪೆ, ರಾಣಿಪುರಂ ಎಲ್ಲರಿಗೂ ಆಗುತ್ತದೆ. ಕುಮಾರಪರ್ವತ ಹತ್ತಿದವರು ನಡುವಯಸ್ಸಿನ ಇಬ್ಬರೇ. ಕಾರು ಇಲ್ಲ, ಬಸ್ಸಿನಲ್ಲೇ ಓಡಾಟ. ಊಟ ಸಸ್ಯಾಹಾರ. ಹಿರಿಯರಲ್ಲಿ ಒಬ್ಬರಿಗೆ ಸ್ವಲ್ಪ ಉಬ್ಬಸವಿದೆ.

ಗುಡ್ಡೆ ಹತ್ತುವುದಕ್ಕೆ ಎರಡು ದಿನ ಇಡಬಹುದು. ಯುಫು, ತ್ಸುರುಮಿ, ಕುಜು, ಅಸೊ ಎಂಬ ನಾಲ್ಕು ಹೆಸರು ಕೇಳಿದ್ದೇವೆ, ನಾಲ್ಕೂ ಜ್ವಾಲಾಮುಖಿಗಳಂತೆ. ಯಾವುದನ್ನು ಹಿಡಿಯಬೇಕು, ಯಾವುದನ್ನು ಬಿಡಬೇಕು? ಹತ್ತುವ ಕಷ್ಟ ರಾಣಿಪುರಂನ ಲೆಕ್ಕದಲ್ಲಿ ಹೇಳಿದರೆ ಬೇಗ ಅರ್ಥವಾಗುತ್ತದೆ.

ಮುರಕಲ್ಲು

ಮೊದಲು ಎತ್ತರದ ಲೆಕ್ಕ ಸರಿ ಮಾಡಿಕೊಳ್ಳಿ. ಶಿಖರದ ಎತ್ತರ ನೋಡಿ ಬೆಟ್ಟ ಆರಿಸಬೇಡಿ, ಬಸ್ಸಿಳಿದ ಜಾಗದಿಂದ ಎಷ್ಟು ಏರಬೇಕು ಎಂಬುದಷ್ಟೇ ಮುಖ್ಯ.

ರಾಣಿಪುರಂನಲ್ಲಿ ಅರಣ್ಯ ಇಲಾಖೆಯ ಗೇಟಿರುವುದೇ ಸುಮಾರು 750 ಮೀಟರಿನಲ್ಲಿ. ಅಲ್ಲಿಂದ ಹುಲ್ಲುಗಾವಲಿನ ತುದಿಗೆ ಏರುವುದು 300 ಮೀಟರಿನ ಒಳಗೆ. ಕುಕ್ಕೆಯಿಂದ ಕುಮಾರಪರ್ವತದ 1712 ಮೀಟರಿಗೆ ಹೋಗುವಾಗ ಏರು ಸಾವಿರದೈನೂರು ಮೀಟರು ದಾಟುತ್ತದೆ. ನೀವು ಕೇಳಿದ ಬೆಟ್ಟಗಳು ಇವೆರಡರ ನಡುವೆ ಬರುತ್ತವೆ.

ಯುಫು 1583 ಮೀಟರು. ಬಸ್ಸು ಇಳಿಸುವ ಚಾರಣದ ಬಾಗಿಲು ಸುಮಾರು 780 ಮೀಟರಿನಲ್ಲಿದೆ. ಏರು 800 ಮೀಟರು, ಅಂದರೆ ರಾಣಿಪುರಂ ಮೂರು ಸಲ ಒಂದರ ಮೇಲೊಂದು, ಕುಮಾರಪರ್ವತದ ಸರಿಸುಮಾರು ಅರ್ಧ.

ಕುಜುವಿನಲ್ಲಿ ಮಾಕಿನೊತೊ ಘಾಟಿಯ ನೆತ್ತಿಯೇ 1330 ಮೀಟರು. ಕುಜು ಶಿಖರ 1787. ನೇರ ಏರು 450 ಮೀಟರಾದರೂ ದಾರಿ ಮಧ್ಯೆ ಮಧ್ಯೆ ಇಳಿದು ಮತ್ತೆ ಹತ್ತುವುದರಿಂದ ಕಾಲಿಗೆ 600ರ ಮೇಲೆ ತಗಲುತ್ತದೆ. ಪಕ್ಕದ ನಾಕಾದಾಕೆ 1791, ಕ್ಯೂಶುವಿನ ಮುಖ್ಯ ದ್ವೀಪದಲ್ಲಿ ಅದಕ್ಕಿಂತ ಎತ್ತರದ್ದಿಲ್ಲ.

ತ್ಸುರುಮಿ 1375 ಮೀಟರು. ಸುಮಾರು 500 ಮೀಟರಿನಿಂದ 1300ರವರೆಗೆ ರೋಪ್‌ವೇ ಇದೆ, ಹತ್ತು ನಿಮಿಷದ ಪ್ರಯಾಣ. ಮೇಲಿನ ನಿಲ್ದಾಣದಿಂದ ತುದಿಗೆ ಮೆಟ್ಟಿಲು ಹಾದಿ, ಹದಿನೈದು ಇಪ್ಪತ್ತು ನಿಮಿಷ. ಹಿರಿಯರಿಗೆ ಇದಕ್ಕಿಂತ ಒಳ್ಳೆಯದು ಸಿಗದು. ಬೆಪ್ಪು ಪೇಟೆ, ಕೊಲ್ಲಿ, ಪಶ್ಚಿಮಕ್ಕೆ ಯುಫುವಿನ ಎರಡು ಕೊಂಬು ಎಲ್ಲವೂ ಕಾಣುತ್ತವೆ. ನಡೆಯುವವರು ರೋಪ್‌ವೇಯಲ್ಲಿ ಹೋಗಿ ಕಾಡಿನ ದಾರಿಯಲ್ಲಿ ಇಳಿಯಬಹುದು, ಒಂದೂವರೆಯಿಂದ ಎರಡು ಗಂಟೆ. ಏಪ್ರಿಲ್‌ನಲ್ಲಿ ಕಡಲ ಮಟ್ಟದಿಂದ ಈ ತುದಿಗೆ ಒಂದೇ ಉಸಿರಿಗೆ ಹತ್ತುವ 12 ಕಿಲೋಮೀಟರಿನ ಸ್ಪರ್ಧೆಯೂ ನಡೆಯುತ್ತದೆ. ತ್ಸುರುಮಿಯಿಂದ ಕುರಗಾತೊ ಕಡೆಗೆ ಮುಂದುವರಿಯುವ ಏಣು ತೆಳು, ಕುಸಿಯುವ ಜಾತಿಯದು. ಭೂಪಟದಲ್ಲಿ ಗೆರೆ ಕಾಣುತ್ತದೆ ಎಂದು ಆ ಕಡೆ ಕಾಲಿಡಬೇಡಿ.

ಅಸೊವನ್ನು ಈ ಸಲ ಬಿಟ್ಟುಬಿಡಿ. ಯುಫುಯಿನ್‌ನಿಂದ ಬಸ್ಸಿನಲ್ಲಿ ಹೋಗಿ ಬರುವುದರಲ್ಲೇ ದಿನ ಮುಗಿಯುತ್ತದೆ. ಉಬ್ಬಸದವರಿಗಂತೂ ಅಲ್ಲಿನ ನಾಕಾದಾಕೆ ಎಂಬ ಜ್ವಾಲಾಮುಖಿ ಕುಂಡದ ಬಾಯಿ ಬೇಡವೇ ಬೇಡ. ಗಂಧಕದ ಡೈಆಕ್ಸೈಡ್ ಜಾಸ್ತಿ, ಉಬ್ಬಸ ಮತ್ತು ಹೃದಯದ ತೊಂದರೆ ಇರುವವರು ಬರಬಾರದೆಂದು ಅಲ್ಲೇ ಬರೆದು ಹಾಕಿದ್ದಾರೆ. ಕುಜುವಿನಲ್ಲೂ ನಾಕಾದಾಕೆ, ಅಸೊವಿನಲ್ಲೂ ನಾಕಾದಾಕೆ. ಭೂಪಟ ಹುಡುಕುವಾಗ ಎರಡನ್ನೂ ಒಂದು ಮಾಡಿಕೊಳ್ಳಬೇಡಿ.

ಪಯಸ್ವಿನಿ ದಡ

ಯುಫುವಿನ ದಾರಿ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ನಿಮ್ಮ ಐವರಿಗೂ ಆ ಬೆಟ್ಟದಲ್ಲಿ ಒಂದೊಂದು ಪಾಲಿದೆ.

ಬಸ್ಸು ಇಳಿದ ಕೂಡಲೇ ಬಯಲು, ಹುಲ್ಲು. ಎದುರಿಗೆ ಇಡೀ ಬೆಟ್ಟ. ವರ್ಷಕ್ಕೊಮ್ಮೆ ಬೆಂಕಿ ಕೊಟ್ಟು ಕಾಪಾಡುವ ಹುಲ್ಲುಗಾವಲು ಅದು, ಸುಡದಿದ್ದರೆ ಕೆಲವೇ ವರ್ಷಗಳಲ್ಲಿ ಪೊದೆ ಏಳುತ್ತದೆ. ಶೌಚಾಲಯ ಇಲ್ಲೇ ಮುಗಿಸಿಕೊಳ್ಳಿ, ಮೇಲೆ ಎಲ್ಲೂ ಇಲ್ಲ. ನೀರೂ ಇಲ್ಲ. ಜ್ವಾಲಾಮುಖಿಯ ಕಲ್ಲು, ಬೂದಿ ಮಳೆನೀರನ್ನು ಹೀರಿ ಕೆಳಗೆ ಕಳಿಸಿಬಿಡುತ್ತವೆ. ಹಾಗಾಗಿ ನಮ್ಮ ಘಟ್ಟದಂತೆ ದಾರಿಯಲ್ಲಿ ತೊರೆ ಸಿಕ್ಕೀತು ಎಂದು ನಂಬಿ ಹೋಗುವ ಬೆಟ್ಟ ಇದಲ್ಲ. ದೊಡ್ಡವರಿಗೆ ತಲಾ ಒಂದೂವರೆ ಲೀಟರು, ಬಿಸಿಲಿದ್ದರೆ ಎರಡು.

ಹುಲ್ಲು ದಾಟಿ ಕಾಡು. ಮುಕ್ಕಾಲು ಗಂಟೆಯಲ್ಲಿ ಗೋಯಾಗೋಯೆ ಎಂಬ ಕೂಡುದಾರಿ, ಸುಮಾರು 1000 ಮೀಟರು. ಕೂತುಕೊಳ್ಳಲು ಜಾಗವಿದೆ. ಇಲ್ಲಿವರೆಗೆ ರಾಣಿಪುರಂಗಿಂತ ಸುಲಭ. ಹಿರಿಯರು ಇಲ್ಲಿಂದ ಪಕ್ಕದ ಇಮೊರಿಗಾಜೊ ಎಂಬ ಹುಲ್ಲುಗುಡ್ಡೆಗೆ ಹೋಗಲಿ, 1067 ಮೀಟರು, ಮರವಿಲ್ಲದ ಬೋಳು ತಲೆ. ಏರು ಚಿಕ್ಕದಾದರೂ ಕಡಿದು. ತುದಿಯಲ್ಲಿ ಯುಫುಯಿನ್ ಬೈಲು ಪೂರ್ತಿ ಕೆಳಗೆ, ಬೆನ್ನ ಹಿಂದೆ ಯುಫು. ಪೊಸಡಿಗುಂಪೆಯ ನೆತ್ತಿ ಇಷ್ಟಪಡುವವರಿಗೆ ಇದು ಖಂಡಿತ ಇಷ್ಟವಾಗುತ್ತದೆ. ಶಿಖರಕ್ಕೆ ಹೋಗದವರ ದಿನ ವ್ಯರ್ಥ ಎನ್ನುವ ಮಾತೇ ಇಲ್ಲ.

ಗೋಯಾಗೋಯೆಯ ಮೇಲೆ ಅಂಕುಡೊಂಕು ದಾರಿ. ತಿರುವುಗಳು ಮೊದಲು ಉದ್ದ, ಮೇಲೇರಿದಂತೆ ಗಿಡ್ಡ. ಮರ ಕುಗ್ಗುತ್ತಾ ಬಂದು ಬಯಲಾಗುತ್ತದೆ. ಕೊನೆಯ ಅರ್ಧ ಗಂಟೆ ಸಡಿಲ ಕಲ್ಲು. ಕಲ್ಲು ಉರುಳಿಸಬೇಡಿ, ಕೆಳಗಿನ ತಿರುವಿನಲ್ಲಿ ಜನ ಇರುತ್ತಾರೆ. ಉರುಳಿದರೆ ಯಾವ ಭಾಷೆಯಲ್ಲಾದರೂ ಸರಿ, ಜೋರಾಗಿ ಕೂಗಿ.

ಎರಡು ಶಿಖರಗಳ ನಡುವಿನ ತಗ್ಗಿಗೆ ಮತಾಯೆ ಎನ್ನುತ್ತಾರೆ, 1500 ಮೀಟರಿಗೆ ಹತ್ತಿರ. ಎಲ್ಲರೂ ಎಡವುವುದು ಇಲ್ಲಿ. ಎಡಕ್ಕೆ ಪಶ್ಚಿಮ ಶಿಖರ, 1583. ಅದೇ ನಿಜವಾದ ತುದಿ, ಆದರೆ ಸರಪಳಿ ಹಿಡಿದು ಬಂಡೆ ಹತ್ತಬೇಕು, ಒಂದು ಕಡೆ ಬಂಡೆಯ ಮುಖಕ್ಕೆ ಅಂಟಿಕೊಂಡು ಅಡ್ಡ ದಾಟಬೇಕು, ಕಾಲ ಕೆಳಗೆ ಖಾಲಿ. ಬಲಕ್ಕೆ ಪೂರ್ವ ಶಿಖರ, 1580. ಹದಿನೈದು ನಿಮಿಷದ ಕಲ್ಲುದಾರಿ, ಸರಪಳಿ ಇಲ್ಲ. ಮೂರು ಮೀಟರಿನ ವ್ಯತ್ಯಾಸಕ್ಕಾಗಿ ಹುಡುಗಿಯನ್ನು ಎಡಕ್ಕೆ ಕರೆದುಕೊಂಡು ಹೋಗಬೇಡಿ. ಪೂರ್ವಕ್ಕೆ ಹೋಗಿ. ಕುಂಡದ ಅಂಚನ್ನು ಪೂರ್ತಿ ಸುತ್ತುವ ದಾರಿಯೂ ಇದೆ. ಅದು ಬಂಡೆ ಹತ್ತಿ ರೂಢಿಯಿರುವವರಿಗೆ ಮಾತ್ರ, ಒಂದೂವರೆ ಗಂಟೆ ಹೆಚ್ಚು.

ಮತಾಯೆ ಕಣಿವೆ ಬಾಯಿಯಂತಿರುವುದರಿಂದ ಗಾಳಿ ಅಲ್ಲೇ ನುಗ್ಗುತ್ತದೆ. ಕೆಳಗೆ ಎಲೆ ಅಲ್ಲಾಡದ ದಿನವೂ ಅಲ್ಲಿ ನಿಲ್ಲುವುದು ಕಷ್ಟವಾಗಬಹುದು. ನೇರ ನಿಲ್ಲಲಾಗದಷ್ಟು ಗಾಳಿ ಇದ್ದರೆ ಮತಾಯೆಯೇ ಶಿಖರ ಎಂದುಕೊಂಡು ತಿರುಗಿ.

ಸಮಯ: ಹತ್ತಲು ಎರಡರಿಂದ ಎರಡೂವರೆ ಗಂಟೆ, ಇಳಿಯಲು ಒಂದೂವರೆ. ಹುಡುಗಿ ಜೊತೆಗಿದ್ದರೆ ಒಟ್ಟು ಐದೂವರೆ ಗಂಟೆ ಇಟ್ಟುಕೊಳ್ಳಿ.

ಕುಂಬ್ಳೆ ಹೊಳೆ

ಬಸ್ಸಿನ ವಿಷಯ ನನ್ನದು.

ಯುಫುಯಿನ್ ರೈಲು ನಿಲ್ದಾಣದ ಎದುರಿನ ಬಸ್ಸು ಕೇಂದ್ರದಿಂದ ಬೆಪ್ಪುವಿಗೆ ಹೋಗುವ ಕಮೆನೊಯಿ ಬಸ್ಸು ಬೆಟ್ಟದ ಮೇಲಿನ ರಸ್ತೆಯಲ್ಲಿ ಹೋಗುತ್ತದೆ. ಯುಫು ತೊಝಾನ್‌ಗುಚಿ ಎಂಬ ನಿಲ್ದಾಣ ಕಾಲು ಗಂಟೆ. ಅದೇ ಬಸ್ಸು ಮುಂದೆ ತ್ಸುರುಮಿಯ ರೋಪ್‌ವೇ ಬುಡಕ್ಕೂ ಹೋಗುತ್ತದೆ. ಅಂದರೆ ಎರಡೂ ಬೆಟ್ಟಕ್ಕೆ ಒಂದೇ ದಾರಿ. ಹಿರಿಯರು ರೋಪ್‌ವೇಗೂ ಉಳಿದವರು ಯುಫುವಿಗೂ ಒಂದೇ ಬಸ್ಸಿನಲ್ಲಿ ಹೊರಡಬಹುದು.

ಹಿಂದಿನ ಬಾಗಿಲಲ್ಲಿ ಹತ್ತಿ, ಯಂತ್ರದಿಂದ ನಂಬರಿನ ಚೀಟಿ ಎಳೆದುಕೊಳ್ಳಿ. ಮುಂದಿನ ಫಲಕದಲ್ಲಿ ನಿಮ್ಮ ನಂಬರಿನ ಕೆಳಗೆ ದರ ಏರುತ್ತಾ ಹೋಗುತ್ತದೆ, ಇಳಿಯುವಾಗ ಚೀಟಿ ಮತ್ತು ಹಣ ಒಟ್ಟಿಗೆ ಪೆಟ್ಟಿಗೆಗೆ. ಚಾಲಕ ಚಿಲ್ಲರೆ ಕೊಡುವುದಿಲ್ಲ. ಪೆಟ್ಟಿಗೆಯ ಪಕ್ಕದ ಯಂತ್ರದಲ್ಲಿ 1000 ಯೆನ್ ನೋಟು ಮುರಿಸಬಹುದು, ದೊಡ್ಡ ನೋಟು ಸಾಮಾನ್ಯವಾಗಿ ಆಗದು.

ಕಾಸರಗೋಡು–ಮಂಗಳೂರು ನಡುವೆ ಐದು ನಿಮಿಷಕ್ಕೊಂದು ಬಸ್ಸು ನೋಡಿದವರು ಅಲ್ಲಿ ಎಡವುತ್ತಾರೆ. ಬಸ್ಸುಗಳ ಮಧ್ಯೆ ಒಂದು ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು. ಇಳಿದ ಕೂಡಲೇ ರಸ್ತೆಯ ಎದುರು ಬದಿಯ ಕಂಬದಲ್ಲಿರುವ ವೇಳಾಪಟ್ಟಿಯ ಫೋಟೋ ತೆಗೆಯಿರಿ. ಮಾಮೂಲಿ ದಿನಕ್ಕೆ ಒಂದು ಕಂಬಸಾಲು, ಶನಿವಾರ ಭಾನುವಾರ ರಜೆಗೆ ಇನ್ನೊಂದು. ಕೊನೆಯ ಬಸ್ಸಿಗಿಂತ ಒಂದು ಮೊದಲಿನದನ್ನು ನಿಮ್ಮ ಬಸ್ಸು ಎಂದು ಗುರುತು ಹಾಕಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಮಾಡಿ. ಉದಾಹರಣೆಗೆ ಮಧ್ಯಾಹ್ನ 3:30ರ ಬಸ್ಸು ನಿಮ್ಮದಾದರೆ, ಇಳಿಯಲು ಎರಡು ಗಂಟೆ, ಕಾಯಲು ಅರ್ಧ. ಮಧ್ಯಾಹ್ನ 1 ಗಂಟೆಗೆ ಎಲ್ಲಿದ್ದರೂ ತಿರುಗಬೇಕು.

ಇನ್ನೊಂದು, ನವೆಂಬರ್ ಮಧ್ಯದಲ್ಲಿ ಅಲ್ಲಿ ಸೂರ್ಯ ಮುಳುಗುವುದು ಸಂಜೆ ಸುಮಾರು 5:15ಕ್ಕೆ. ನಮ್ಮ ಕಡೆ ಆರು ಗಂಟೆಯವರೆಗೆ ಬೆಳಕಿರುತ್ತದೆ ಎಂಬ ಅಂದಾಜು ಮೈಯಲ್ಲಿ ಕೂತಿರುತ್ತದೆ, ಅದು ಅಲ್ಲಿ ಕೈಕೊಡುತ್ತದೆ. ಕಾಡಿನೊಳಗೆ 4:30ಕ್ಕೇ ಮಬ್ಬು. ತಲೆದೀಪ ಪ್ರತಿಯೊಬ್ಬರ ಚೀಲದಲ್ಲೂ ಇರಲಿ.

ಶಿರಿಯ

ಜಪಾನ್ ಹವಾಮಾನ ಸಂಸ್ಥೆ ಜ್ವಾಲಾಮುಖಿಗಳಿಗೆ ಎಚ್ಚರಿಕೆಯ ಮಟ್ಟ ಕೊಡುತ್ತದಲ್ಲ? ಮಟ್ಟ 1 ಎಂದಿದ್ದರೆ ಅಪಾಯ ಇಲ್ಲ ಎಂದು ತಿಳಿದುಕೊಂಡು ನೆಮ್ಮದಿಯಿಂದ ಹತ್ತಬಹುದಲ್ಲವೇ?

ಮುರಕಲ್ಲು

@ಶಿರಿಯ ಇಲ್ಲ. ಈ ತಪ್ಪು ತಿಳಿವಳಿಕೆ ಜಪಾನಿನಲ್ಲೇ ಇತ್ತು, ಅದಕ್ಕೆ ಜನ ಪ್ರಾಣ ತೆತ್ತಿದ್ದಾರೆ.

ಒಟ್ಟು ಐದು ಮಟ್ಟ. 5 ಊರು ಬಿಡುವುದು, 4 ವಯಸ್ಸಾದವರು ಮೊದಲು ಹೊರಡುವುದು ಮತ್ತು ಉಳಿದವರ ತಯಾರಿ, 3 ಬೆಟ್ಟಕ್ಕೆ ಹೋಗಬಾರದು, 2 ಕುಂಡದ ಸುತ್ತ ಹೋಗಬಾರದು. ಮಟ್ಟ 1ಕ್ಕೆ ಮೊದಲು ‘ಮಾಮೂಲು’ ಎಂಬ ಅರ್ಥದ ಹೆಸರಿತ್ತು. 2014ರ ಸೆಪ್ಟೆಂಬರ್ 27ರಂದು ಹೊನ್ಶು ದ್ವೀಪದ ಒಂತಾಕೆ ಬೆಟ್ಟ ಸಿಡಿದಾಗ ಅದು ಮಟ್ಟ 1ರಲ್ಲೇ ಇತ್ತು. ಶನಿವಾರ, ಎಲೆ ಕೆಂಪಾಗುವ ಕಾಲ, ಮಧ್ಯಾಹ್ನ ಊಟದ ಹೊತ್ತಿಗೆ ಹತ್ತಿರ, ಶಿಖರದಲ್ಲಿ ಜನ ತುಂಬಿದ್ದರು. ಸತ್ತವರು, ಸಿಗದವರು ಸೇರಿ 63. ಮರುವರ್ಷ ಮಟ್ಟ 1ರ ಹೆಸರನ್ನು ‘ಇದು ಸಕ್ರಿಯ ಜ್ವಾಲಾಮುಖಿ, ಗಮನವಿರಲಿ’ ಎಂಬರ್ಥಕ್ಕೆ ಬದಲಿಸಿದರು.

ಅಂದು ಹೊರಬಂದದ್ದು ಲಾವಾ ಅಲ್ಲ. ಒಳಗಿನ ಬಿಸಿಗೆ ಕಲ್ಲಿನ ಸಂದುಗಳ ನೀರು ಕಾದು, ಒತ್ತಡ ತಡೆಯದೆ ಒಮ್ಮೆಲೇ ಹಬೆಯಾಗಿ ಕಲ್ಲು ಸಮೇತ ಸಿಡಿದದ್ದು. ಶಿಲಾರಸ ಮೇಲೇಳುವಾಗ ನೆಲ ಉಬ್ಬುತ್ತದೆ, ನಡುಗುತ್ತದೆ, ಯಂತ್ರಗಳಿಗೆ ದಿನಗಟ್ಟಲೆ ಮೊದಲೇ ಸುಳಿವು ಸಿಗಬಹುದು. ಹಬೆಯ ಸಿಡಿತಕ್ಕೆ ಸುಳಿವು ಕಡಿಮೆ, ಕೆಲವೊಮ್ಮೆ ನಿಮಿಷಗಳಷ್ಟೇ. ಕುಜುವಿನ ಇವೊ ಬೆಟ್ಟ 1995ರ ಅಕ್ಟೋಬರ್ 11ರಂದು ಹೀಗೆಯೇ ಸಿಡಿಯಿತು. ತ್ಸುರುಮಿ ಮತ್ತು ಅದರ ವಾಯವ್ಯದ ಗರಾನ್‌ದಾಕೆಯನ್ನು ಒಂದೇ ಜ್ವಾಲಾಮುಖಿಯಾಗಿ ಗಮನಿಸುತ್ತಾರೆ. ದಾಖಲಾದ ದೊಡ್ಡ ಸಿಡಿತ 867ರದ್ದು. 2022ರ ಜುಲೈನಲ್ಲಿ ಕೆಲವು ದಿನ ಮಟ್ಟ 2ಕ್ಕೆ ಏರಿಸಿದ್ದರು. ಯುಫುವಿನ ಕೊನೆಯ ಸಿಡಿತಕ್ಕೆ ಸುಮಾರು ಎರಡು ಸಾವಿರ ವರ್ಷವಾಯಿತು.

ಹಾಗಂತ ಹೆದರಿ ಮನೆಯಲ್ಲಿ ಕೂರಬೇಕಿಲ್ಲ. ಹೊರಡುವ ಬೆಳಗ್ಗೆ ಸಂಸ್ಥೆಯ ತಾಣದಲ್ಲಿ ಆಯಾ ಬೆಟ್ಟದ ಮಟ್ಟ ನೋಡಿ, ಇಂಗ್ಲಿಷ್ ಪುಟವಿದೆ. 2 ಎಂದಿದ್ದರೆ ಆ ಬೆಟ್ಟ ಬಿಡಿ, ಚರ್ಚೆ ಬೇಡ. 1 ಎಂದಿದ್ದರೆ ಹೋಗಿ, ಆದರೆ ಹಬೆ ಬಾಯಿಗಳ ಹತ್ತಿರ ಊಟಕ್ಕೆ ಕೂರಬೇಡಿ, ಆಸರೆ ಗುಡಿಸಲು ಎಲ್ಲಿದೆ ಎಂದು ನೋಡಿಟ್ಟುಕೊಳ್ಳಿ. ಸಿಡಿದರೆ ಫೋಟೋಕ್ಕೆ ನಿಲ್ಲದೆ ಬಂಡೆಯ ಮರೆಗೋ ಗುಡಿಸಲಿಗೋ ಓಡಿ, ಬೆನ್ನುಚೀಲ ತಲೆಯ ಮೇಲೆ, ಒದ್ದೆ ಬಟ್ಟೆ ಮೂಗು ಬಾಯಿಗೆ. ಮೊದಲ ಕೆಲವು ನಿಮಿಷ ಕೊಲ್ಲುವುದು ಬೀಳುವ ಕಲ್ಲು.

ಅಡ್ಕಸ್ಥಳ

ಅನಿಲದ ಬಗ್ಗೆ ಸೇರಿಸುತ್ತೇನೆ, ಉಬ್ಬಸದವರು ಇದ್ದಾರೆ ಎಂದದ್ದಕ್ಕೆ.

ಕೊಳೆತ ಮೊಟ್ಟೆಯ ವಾಸನೆ ಹೈಡ್ರೊಜನ್ ಸಲ್ಫೈಡಿನದು. ಅದು ಗಾಳಿಗಿಂತ ಭಾರ. ತಗ್ಗು, ಹೊಂಡ, ಗಾಳಿಯಾಡದ ಕೊರಕಲುಗಳಲ್ಲಿ ನಿಲ್ಲುತ್ತದೆ. ಪ್ರಮಾಣ ಹೆಚ್ಚಾದಾಗ ಮೂಗು ಮರಗಟ್ಟಿ ವಾಸನೆಯೇ ತಿಳಿಯುವುದಿಲ್ಲ. ವಾಸನೆ ಇದ್ದಕ್ಕಿದ್ದಂತೆ ಹೋಯಿತೆಂದರೆ ಗಾಳಿ ಶುದ್ಧವಾಯಿತು ಎಂದು ಭಾವಿಸಬೇಡಿ, ಕೂಡಲೇ ಎತ್ತರದ ಜಾಗಕ್ಕೆ, ಗಾಳಿ ಬೀಸಿ ಬರುವ ದಿಕ್ಕಿಗೆ ನಡೆಯಿರಿ. ಬೆಂಕಿಕಡ್ಡಿ ಗೀರಿದಾಗ ಮೂಗಿಗೆ ಹೊಡೆಯುವ ಖಾರದ ವಾಸನೆ ಗಂಧಕದ ಡೈಆಕ್ಸೈಡಿನದು, ಉಬ್ಬಸ ಕೆರಳಿಸುವುದು ಮುಖ್ಯವಾಗಿ ಅದು.

ಮೋಡ ಮುಚ್ಚಿ ಗಾಳಿಯೇ ಇಲ್ಲದ ದಿನ ಹಬೆಬಾಯಿಯ ಸುತ್ತ ಹೆಚ್ಚು ಅಪಾಯ. ಈ ಲೆಕ್ಕದಲ್ಲಿ ಯುಫು ನಿರಾಳ, ದಾರಿಯಲ್ಲಿ ಹಬೆಬಾಯಿಗಳಿಲ್ಲ. ಕುಜುವಿನಲ್ಲಿ ಇವೊ ಬೆಟ್ಟದ ಬುಡದ ಕಿತಾಸೆನ್ರಿ ಬಯಲಿನ ದಾರಿ ಉಬ್ಬಸದವರಿಗೆ ಬೇಡ. ಇನ್‌ಹೇಲರ್ ಚೀಲದ ತಳದಲ್ಲಿ ಇಡದೆ ಜೇಬಿನಲ್ಲಿ ಇಟ್ಟುಕೊಳ್ಳಲಿ. ತಣ್ಣನೆ ಒಣಗಾಳಿಯೂ ಉಬ್ಬಸ ತರುತ್ತದೆ, ಮೂಗಿಗೆ ತೆಳು ಬಟ್ಟೆ ಸುತ್ತಿಕೊಂಡು ಉಸಿರಾಡಿದರೆ ಹಿತ.

ಪಯಸ್ವಿನಿ ದಡ

ಇನ್ನು ಕುಜು. ನಡುವಯಸ್ಸಿನ ಇಬ್ಬರಿಗೆ ಇದೇ ಎಲ್ಲಕ್ಕಿಂತ ಚೆಂದದ ನಡಿಗೆ ಎಂಬುದರಲ್ಲಿ ನನಗೆ ಸಂಶಯವೇ ಇಲ್ಲ. ಒಂದೇ ಶಿಖರವಲ್ಲ, 1700 ಮೀಟರು ದಾಟಿದ ಬೆಟ್ಟಗಳ ಒಂದು ಗುಂಪು.

ಮಾಕಿನೊತೊದಿಂದ ಶುರುವಿನಲ್ಲಿ ಕಾಂಕ್ರೀಟು ಮೆಟ್ಟಿಲು, ಮಂಡಿಗೆ ಬೇಸರ ತರಿಸುವಂಥದ್ದು. ಅರ್ಧ ಗಂಟೆ ದಾಟಿದ ಮೇಲೆ ಕುತ್ಸುಕಾಕೆ, 1503 ಮೀಟರು. ಅದರ ಆಚೆ ಬದಿಗೆ ಇಳಿಯುವಲ್ಲಿ ಕಡಿದಾದ ಮರದ ಮೆಟ್ಟಿಲು. ಮುಂದೆ ಏಣಿನ ಮೇಲೆ ನಿಧಾನ ಏರು, ಆಮೇಲೆ ನಿಶಿಸೆನ್ರಿ ಎಂಬ ಸಪಾಟು ಬಯಲು, ಎದುರಿಗೆ ಕುಜುವಿನ ಕೋಡು. ಕಲ್ಲಿನ ಇಳಿಜಾರು ದಾಟಿದರೆ ಕುಜುವಾಕಾರೆ: ಆಸರೆ ಗುಡಿಸಲು, ಶೌಚಾಲಯ. ಅಲ್ಲಿಂದ ಅರ್ಧ ಗಂಟೆ ಕಲ್ಲುಮಣ್ಣಿನ ಏರು, ಶಿಖರ. ಹೋಗಿಬರಲು ಐದು ಗಂಟೆ. ನಾಕಾದಾಕೆಗೂ ಅದರ ಕೆಳಗಿನ ಮಿಇಕೆ ಕೊಳಕ್ಕೂ ಹೋದರೆ ಇನ್ನೊಂದು ಗಂಟೆ ಮೇಲೆ.

ಈ ದಾರಿಯಲ್ಲಿ ನಮ್ಮವರನ್ನು ಸೋಲಿಸುವುದು ಏರಲ್ಲ, ಮಣ್ಣು. ಜ್ವಾಲಾಮುಖಿಯ ಬೂದಿಗೆ ಹುಲ್ಲಿನ ಕೊಳೆ ಸೇರಿ ಆದ ಕಪ್ಪು ಮಣ್ಣು, ಒದ್ದೆಯಾದರೆ ಉತ್ತ ಗದ್ದೆಯಂತೆ ಕಾಲು ಎಳೆಯುತ್ತದೆ, ಇಳಿಜಾರಿನಲ್ಲಿ ಜಾರಿಸುತ್ತದೆ. ಮುರಕಲ್ಲು ಹಾಗಲ್ಲ, ಒಣಗಿದ್ದಾಗ ಚಪ್ಪಲಿಯನ್ನೂ ಹಿಡಿದು ನಿಲ್ಲಿಸುತ್ತದೆ, ಪಾಚಿ ಕಟ್ಟಿದಾಗ ಮಾತ್ರ ಜಾರುತ್ತದೆ. ಅಲ್ಲಿ ಮಳೆ ಬಾರದಿದ್ದರೂ ಕೆಸರು ಇರುತ್ತದೆ. ನವೆಂಬರ್ ರಾತ್ರಿ ಮಣ್ಣೊಳಗಿನ ನೀರು ಹೆಪ್ಪುಗಟ್ಟಿ ಸೂಜಿ ಸೂಜಿಯಾಗಿ ಮೇಲೆದ್ದು ನೆಲವನ್ನು ಸಡಿಲ ಮಾಡುತ್ತದೆ, ಬಿಸಿಲೇರಿದ ಮೇಲೆ ಕರಗುತ್ತದೆ. ಬೆಳಗ್ಗೆ ಗಟ್ಟಿ ಇದ್ದ ದಾರಿ ಮಧ್ಯಾಹ್ನ ಇಳಿಯುವಾಗ ಜಾರುವುದು ಇದಕ್ಕೇ. ಪಾದದ ಗಂಟು ಮುಚ್ಚುವ, ಆಳ ಕಚ್ಚುಗಳ ಬೂಟು ಬೇಕು. ರಾಣಿಪುರಂಗೆ ಹಾಕುವ ರಬ್ಬರು ಪಾದರಕ್ಷೆ ಇಲ್ಲಿ ನಡೆಯದು. ಕೆಸರು ತಪ್ಪಿಸಲು ಬದಿಯ ಹುಲ್ಲಿನ ಮೇಲೆ ಕಾಲಿಡಬೇಡಿ, ದಾರಿ ಅಗಲವಾಗಿ ಅಲ್ಲಿಂದಲೇ ಮಣ್ಣು ಕೊಚ್ಚಲು ಶುರುವಾಗುತ್ತದೆ. ಕೆಸರಿನ ಮಧ್ಯದಲ್ಲೇ ನಡೆಯಿರಿ.

ಬಸ್ಸಿಗೆ ಬಂದರೆ, ಬೆಪ್ಪು–ಯುಫುಯಿನ್–ಕುರೊಕಾವಾ–ಅಸೊ ಕಡೆಗೆ ಹೋಗುವ ಕ್ಯೂಶು ಓದಾನ್ ಬಸ್ಸು ಕುಜು ತೊಝಾನ್‌ಗುಚಿ ಮತ್ತು ಮಾಕಿನೊತೊದಲ್ಲಿ ನಿಲ್ಲುತ್ತದೆ. ದಿನಕ್ಕೆ ಕೆಲವೇ ಸಲ, ಸೀಟು ಮೊದಲೇ ಕಾದಿರಿಸಬೇಕು. ನಿಮ್ಮ ದಿನದ ಹೋಗುವ ಬಸ್ಸಿಗೂ ಬರುವ ಬಸ್ಸಿಗೂ ಮಧ್ಯೆ ಆರು ಗಂಟೆ ಸಿಗದಿದ್ದರೆ ಶಿಖರದ ಯೋಚನೆ ಬಿಟ್ಟುಬಿಡಿ. ನಾಲ್ಕು ಗಂಟೆ ಸಿಕ್ಕಿದರೆ ನಿಶಿಸೆನ್ರಿವರೆಗೆ ಹೋಗಿ ತಿರುಗಿ, ಎರಡೂವರೆ ಸಿಕ್ಕಿದರೆ ಕುತ್ಸುಕಾಕೆ. ಓಡಿ ಸಮಯ ಉಳಿಸಬಹುದು ಎಂದು ಯಾರೂ ಲೆಕ್ಕ ಹಾಕಬೇಡಿ, ಆ ಮಣ್ಣಿನಲ್ಲಿ ಕಾಲು ಉಳುಕುವುದು ಓಡುವವರಿಗೇ.

ಹಿರಿಯರೂ ಜೊತೆಗೆ ಬರುವುದಾದರೆ ಚೋಜಾಬಾರುವಿನಲ್ಲಿ ಇಳಿಯಲಿ (ಬಸ್ಸಿನ ಪಟ್ಟಿಯಲ್ಲಿ ಅದೇ ಕುಜು ತೊಝಾನ್‌ಗುಚಿ). ರಸ್ತೆ ಬದಿಯಲ್ಲೇ ತಾದೆವಾರಾ ಜೌಗುಭೂಮಿ, ಮೇಲೆ ಹಲಗೆ ದಾರಿ, ಒಂದು ಗಂಟೆಯೊಳಗೆ ಸುತ್ತಬಹುದು. ಬೆಟ್ಟದ ಆಚೆಗಿನ ಬೋಗತ್ಸುರು ಜೌಗಿನ ಜೊತೆಗೆ ಇದೂ 2005ರಿಂದ ರಾಮ್ಸಾರ್ ಎಂಬ ಅಂತರರಾಷ್ಟ್ರೀಯ ಜೌಗುಭೂಮಿ ಪಟ್ಟಿಯಲ್ಲಿದೆ. ಬೋಗತ್ಸುರು ಬದಿಯಲ್ಲಿ 1303 ಮೀಟರಿನಲ್ಲಿ ಹೊಕ್ಕೆಯಿನ್ ಎಂಬ ಬಿಸಿನೀರ ತಂಗುಮನೆ ಇದೆ. ವಾಹನ ಹೋಗದು, ನಡೆದೇ ತಲುಪಬೇಕು, ಎರಡು ಗಂಟೆಯ ಮೇಲೆ. ಅಲ್ಲಿ ಒಂದು ರಾತ್ರಿ ಉಳಿದರೆ ಮಾತ್ರ ಕುಜು ನಿಜವಾಗಿ ಕೈಗೆ ಸಿಗುತ್ತದೆ. ನಿಮ್ಮ ನಾಲ್ಕರಲ್ಲಿ ಒಂದು ರಾತ್ರಿ ಬಿಡಿಸಿಕೊಳ್ಳಲು ಆಗುತ್ತದೋ ನೋಡಿ.

ಬಾಯಾರು ಬೈಲು

ಸ್ವಲ್ಪ ಬದಿಗೆ ಹೋಗುವ ಪ್ರಶ್ನೆ. ನಮ್ಮ ಗಡಿಗೆ ತಾಗಿ ಪುತ್ತೂರು ತಾಲೂಕಿನ ಇರ್ದೆಯಲ್ಲಿ ಬೆಂದ್ರುತೀರ್ಥ ಇದೆಯಲ್ಲ. ಅಲ್ಲಿಯೂ ನೆಲದಿಂದ ಬಿಸಿನೀರೇ. ಹಾಗಾದರೆ ಪೊಸಡಿಗುಂಪೆಯೂ ಹಳೆಯ ಜ್ವಾಲಾಮುಖಿ ಆಗಿರಬಹುದೇ?

ಮುರಕಲ್ಲು

@ಬಾಯಾರು ಬೈಲು ಒಳ್ಳೆಯ ಪ್ರಶ್ನೆ. ಇಲ್ಲ. ಬಿಸಿನೀರಿಗೆ ಜ್ವಾಲಾಮುಖಿ ಇರಲೇಬೇಕೆಂದಿಲ್ಲ. ಭೂಮಿಯೊಳಗೆ ಹೋದಂತೆ ಸಾಮಾನ್ಯವಾಗಿ ಕಿಲೋಮೀಟರಿಗೆ 25ರಿಂದ 30 ಡಿಗ್ರಿ ಬಿಸಿ ಏರುತ್ತದೆ. ಮಳೆನೀರು ಬಂಡೆಯ ಬಿರುಕಿನಲ್ಲಿ ಆಳಕ್ಕಿಳಿದು, ಕಾದು, ಬೇರೊಂದು ಬಿರುಕು ಹಿಡಿದು ಬೇಗ ಮೇಲೆ ಬಂದರೆ ಬುಗ್ಗೆ ಬೆಚ್ಚಗಿರುತ್ತದೆ. ಬೆಂದ್ರುತೀರ್ಥದಂಥ ಬುಗ್ಗೆಗಳ ಬಗೆ ಇದು. ನೀರು ಮೈಗೆ ಹಿತವಾಗುವಷ್ಟು ಬೆಚ್ಚಗೆ ಮಾತ್ರ. ಬೆಪ್ಪುವಿನಲ್ಲಿ ಶಿಲಾರಸದ ಬಿಸಿ ಹತ್ತಿರದಲ್ಲೇ ಇರುವುದರಿಂದ ಉಮಿ ಜಿಗೊಕು ಎಂಬ ನೀಲಿ ಕೊಳ 98 ಡಿಗ್ರಿ, ಕುದಿಯುವುದಕ್ಕೆ ಎರಡೇ ಕಡಿಮೆ.

ಪೊಸಡಿಗುಂಪೆ, ರಾಣಿಪುರಂ ಎಲ್ಲ ಬಹು ಪುರಾತನ ಶಿಲೆಯ ಮೇಲೆ ನಿಂತವು, ಮುರಕಲ್ಲು ಆ ಶಿಲೆ ಮಳೆ ಬಿಸಿಲಿಗೆ ಸವೆದು ಆದದ್ದು. ನಮ್ಮ ಕರಾವಳಿಯಲ್ಲಿ ಜ್ವಾಲಾಮುಖಿ ಶಿಲೆ ಕಣ್ಣಾರೆ ನೋಡಬೇಕಾದರೆ ಮಲ್ಪೆಯ ಸೇಂಟ್ ಮೇರೀಸ್ ದ್ವೀಪಕ್ಕೆ ಹೋಗಿ. ಮಡಗಾಸ್ಕರ್ ಭಾರತದಿಂದ ಬೇರ್ಪಡುತ್ತಿದ್ದ ಕಾಲದ, ಸುಮಾರು 8.8 ಕೋಟಿ ವರ್ಷ ಹಿಂದಿನ ಲಾವಾ ತಣ್ಣಗಾಗಿ ಸೀಳಿದ ಕಂಬಗಳು ಅಲ್ಲಿವೆ.

ಕಾಟುಕುಕ್ಕೆ

ಊಟದ ಬಗ್ಗೆ ಯಾರೂ ಹೇಳಲಿಲ್ಲ. ಸಸ್ಯಾಹಾರಿಗಳಿಗೆ ಬೆಟ್ಟಕ್ಕಿಂತ ಅದೇ ದೊಡ್ಡ ಏರು ಮಾರಾಯ್ರೆ.

ಅಲ್ಲಿನ ಸಾರು, ಉದೊನ್ ಎಂಬ ದಪ್ಪ ಶಾವಿಗೆ, ತರಕಾರಿ ಬೇಯಿಸಿದ ನೀರು ಹೆಚ್ಚಿನದರಲ್ಲೂ ದಾಶಿ ಎಂಬ ಒಣಮೀನಿನ ತಿಳಿಸಾರು ಇರುತ್ತದೆ. ‘ಮಾಂಸ ಇಲ್ಲ’ ಎಂದು ಹೇಳಿದರೆ ಸಾಲದು, ಮೀನು ಮತ್ತು ದಾಶಿ ಬೇಡ ಎಂದು ಬರೆದ ಚೀಟಿ ತೋರಿಸಿ. ಅಂಗಡಿಯ ಅನ್ನದುಂಡೆಗಳಲ್ಲಿ ಉಮೆ ಎಂಬ ಹುಳಿಕಾಯಿಯ ಉಪ್ಪಿನಕಾಯಿ ಹಾಕಿದ್ದು ಸಾಮಾನ್ಯವಾಗಿ ಸಸ್ಯಾಹಾರಕ್ಕೆ ಹತ್ತಿರದ್ದು, ಆದರೂ ಹಿಂಬದಿಯ ಪಟ್ಟಿಯನ್ನು ಫೋನಿನ ಅನುವಾದದಲ್ಲಿ ಓದಿ. ಬೆಟ್ಟಕ್ಕೆ ಚಟ್ನಿಪುಡಿ, ಖಾಖ್ರಾ, ಹುರಿದ ನೆಲಗಡಲೆ, ಚಿಕ್ಕಿ ಸಾಕು. ಒಬ್ಬರಿಗೆ 400ರಿಂದ 500 ಗ್ರಾಂ ಒಣತಿಂಡಿ ಎಂದು ಇಡಿ, ಚಳಿಯಲ್ಲಿ ಹಸಿವು ಹೆಚ್ಚು. ಬಾಳೆಹಣ್ಣು ಅಲ್ಲೇ ಕೊಳ್ಳಿ. ಊರಿನಿಂದ ಹಣ್ಣು, ಹಸಿ ತರಕಾರಿ, ಕರಿಬೇವು ಒಯ್ಯಬೇಡಿ, ವಿಮಾನ ನಿಲ್ದಾಣದಲ್ಲಿ ಸಸ್ಯ ತಪಾಸಣೆ ಬಿಡುವುದಿಲ್ಲ.

ಬೆಪ್ಪುವಿನ ಕನ್ನಾವಾದಲ್ಲಿ ನೆಲದ ಹಬೆಯಲ್ಲಿ ಬೇಯಿಸಿಕೊಳ್ಳುವ ಜಾಗಗಳಿವೆ. ಗೆಣಸು, ಸಿಹಿಗುಂಬಳ, ಕೋಸು, ಜೋಳ ನೀವೇ ಬುಟ್ಟಿಯಲ್ಲಿಟ್ಟು ಬೇಯಿಸಿ ಉಪ್ಪು ಚಟ್ನಿಪುಡಿ ಹಾಕಿ ತಿನ್ನಬಹುದು. ತ್ಸುರುಮಿ ದಿನದ ಮಧ್ಯಾಹ್ನಕ್ಕೆ ಇದನ್ನೇ ಇಟ್ಟುಕೊಳ್ಳಿ.

ಅಡ್ಕಸ್ಥಳ

ಬಟ್ಟೆ: ನೂರು ಮೀಟರು ಏರಿದರೆ ಸುಮಾರು 0.6 ಡಿಗ್ರಿ ಇಳಿಯುತ್ತದೆ. ಕಡಲ ಬದಿಯ ಬೆಪ್ಪುವಿನಲ್ಲಿ 15 ಡಿಗ್ರಿ ಇದ್ದರೆ ಯುಫು ತುದಿಯಲ್ಲಿ 5ರ ಆಸುಪಾಸು, ಗಾಳಿ ಸೇರಿದರೆ ಮೈಗೆ ಸೊನ್ನೆ. ಹತ್ತಿ ಬನಿಯನ್ ಬೇಡ, ಬೆವರು ಹಿಡಿದಿಟ್ಟುಕೊಂಡು ನಿಂತಾಗ ಮೈ ಕೊರೆಯುತ್ತದೆ. ಮೈಗೆ ತಾಗುವುದು ಪಾಲಿಯೆಸ್ಟರ್ ಅಥವಾ ಉಣ್ಣೆ, ಮೇಲೆ ಫ್ಲೀಸು, ಅದರ ಮೇಲೆ ಗಾಳಿ ಮಳೆ ತಡೆಯುವ ಜಾಕೆಟ್ಟು. ಹತ್ತುವಾಗ ಕಳಚಿ, ಮತಾಯೆ ಬರುವ ಮೊದಲೇ ಹಾಕಿಕೊಳ್ಳಿ. ಅಲ್ಲಿಗೆ ಮುಟ್ಟಿದ ಮೇಲೆ ಚೀಲ ಬಿಚ್ಚಲು ಗಾಳಿ ಬಿಡುವುದಿಲ್ಲ. ಕೈಗವಸು ಮರೆಯಬೇಡಿ.

ಪ್ರಾಣಿ: ಕ್ಯೂಶುವಿನಲ್ಲಿ ಕರಡಿ ಇಲ್ಲ, ಅಳಿದುಹೋಯಿತೆಂದು 2012ರಲ್ಲಿ ಘೋಷಿಸಿದ್ದಾರೆ. ಉಂಬುಳದ ಚಿಂತೆಯೂ ಆ ತಿಂಗಳಲ್ಲಿ ಬೇಡ. ಉಣ್ಣಿ ಮಾತ್ರ ಹುಲ್ಲಿನಲ್ಲಿರುತ್ತದೆ, ಪಶ್ಚಿಮ ಜಪಾನಿನಲ್ಲಿ ಉಣ್ಣಿಯಿಂದ ಹರಡುವ ಗಂಭೀರ ಜ್ವರವಿದೆ. ಮಂಗನ ಕಾಯಿಲೆಯ ಸುದ್ದಿ ಗೊತ್ತಿರುವ ನಮಗೆ ಹೆಚ್ಚು ವಿವರಿಸಬೇಕಿಲ್ಲ. ಪ್ಯಾಂಟಿನ ತುದಿ ಕಾಲುಚೀಲದೊಳಗೆ, ಸಂಜೆ ಸ್ನಾನಕ್ಕೆ ಮೊದಲು ಮೈ ಪೂರ್ತಿ ನೋಡಿಕೊಳ್ಳಿ.

ತುರ್ತಿಗೆ 119. ಯುಫುಯಿನ್‌ನಲ್ಲಿ ನೀವು ಇಳಿಯುವ ಮನೆಯವರಿಗೆ ಯಾವ ಬೆಟ್ಟ, ಯಾವ ಬಸ್ಸು ಎಂದು ಬರೆದು ಕೊಟ್ಟು ಹೊರಡಿ. ಭೂಪಟವನ್ನು ಫೋನಿಗೆ ಮೊದಲೇ ಇಳಿಸಿಕೊಳ್ಳಿ, ಚಳಿಗೆ ಬ್ಯಾಟರಿ ಬೇಗ ಇಳಿಯುತ್ತದೆ.

ಕಾಟುಕುಕ್ಕೆ

ಇಳಿದ ಮೇಲೆ ಬಿಸಿನೀರಿಗೆ ಇಳಿಯುವ ಬಗ್ಗೆ ಎರಡು ಮಾತು. ಬಸ್ಸು ಇಳಿದ ಕೂಡಲೇ ಹೋಗಬೇಡಿ. ಬೆವರಿ ನೀರು ಕಳೆದುಕೊಂಡ ದೇಹ 42 ಡಿಗ್ರಿಯ ನೀರಿಗೆ ಇಳಿದರೆ ರಕ್ತನಾಳ ಹಿಗ್ಗಿ ಒತ್ತಡ ಬೀಳುತ್ತದೆ, ಎದ್ದು ನಿಂತಾಗ ತಲೆ ತಿರುಗಿ ಬೀಳುವವರಿದ್ದಾರೆ. ಅರ್ಧ ಲೀಟರು ನೀರು ಕುಡಿದು, ಏನಾದರೂ ತಿಂದು, ಅರ್ಧ ಗಂಟೆ ಕೂತು ಹೋಗಿ. ಮೊದಲು ಹೊರಗೆ ಸೋಪು ಹಾಕಿ ತೊಳೆದುಕೊಂಡೇ ಕೊಳಕ್ಕೆ ಇಳಿಯಬೇಕು. ಐದು ನಿಮಿಷ ಮುಳುಗಿ, ಎದ್ದು ಕೂತು, ಮತ್ತೆ ಐದು. ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳುವ ಹಿರಿಯರು ಒಬ್ಬರೇ ಇಳಿಯಬಾರದು. ಉಟ್ಟ ಬಟ್ಟೆಯಲ್ಲಿ ಇಳಿಯುವಂತಿಲ್ಲ. ಸಂಕೋಚವಿದ್ದರೆ ಗಂಟೆ ಲೆಕ್ಕದಲ್ಲಿ ಕುಟುಂಬಕ್ಕೆ ಕೊಡುವ ಖಾಸಗಿ ಕೊಳ ಕೇಳಿ, ಯುಫುಯಿನ್‌ನಲ್ಲಿ ಬೇಕಾದಷ್ಟಿವೆ.

ಯುಫುಯಿನ್ ನೀರು ಹೆಚ್ಚಾಗಿ ತಿಳಿ. ಬೆಪ್ಪುವಿನ ಮ್ಯೋಬಾನ್ ಕಡೆ ಹೋದರೆ ಗಂಧಕದ ನೀರು, ಬೆಳ್ಳಿ ಗೆಜ್ಜೆ, ಉಡಿದಾರ, ಉಂಗುರ ಕಳಚಿಡಿ. ಒಂದೇ ಸ್ನಾನಕ್ಕೆ ಕಪ್ಪಾಗುತ್ತವೆ.

ನೀರ್ಚಾಲು ಪದವು

ಎಲ್ಲರಿಗೂ ವಂದನೆ. ಹೀಗೆ ಬರೆದುಕೊಂಡಿದ್ದೇವೆ: ಮೊದಲ ದಿನ ಎಲ್ಲರೂ ತ್ಸುರುಮಿ ರೋಪ್‌ವೇ, ಕನ್ನಾವಾದಲ್ಲಿ ಊಟ. ಎರಡನೇ ದಿನ ಯುಫು: ಹಿರಿಯರು ಮತ್ತು ಒಬ್ಬರು ಇಮೊರಿಗಾಜೊವರೆಗೆ, ಉಳಿದ ಇಬ್ಬರು ಪೂರ್ವ ಶಿಖರಕ್ಕೆ. ಕುಜುವನ್ನು ಮುಂದಿನ ಸಲಕ್ಕೆ ಬಿಟ್ಟಿದ್ದೇವೆ. ಬೆಳಗ್ಗೆ ಮಂಜು ಕವಿದಿದ್ದರೆ ಯುಫು ದಿನ ರದ್ದು ಮಾಡುವುದು ಸರಿಯೇ?

ಪಯಸ್ವಿನಿ ದಡ

ರದ್ದು ಮಾಡಬೇಡಿ. ಯುಫುಯಿನ್ ಬಟ್ಟಲಿನಾಕಾರದ ಬೈಲು. ಶರತ್ಕಾಲದ ತಣ್ಣನೆ ರಾತ್ರಿಗಳಲ್ಲಿ ತಂಪು ಗಾಳಿ ಕೆಳಗಿಳಿದು ನಿಂತು ಮಂಜಾಗುತ್ತದೆ. ಊರಿನಲ್ಲಿ ಹತ್ತು ಹೆಜ್ಜೆ ಆಚೆ ಕಾಣದಿದ್ದಾಗಲೂ ಮೇಲೆ ಬಿಸಿಲಿರಬಹುದು. ಬಸ್ಸು ಚಾರಣದ ಬಾಗಿಲಿಗೆ ಮೊದಲು ಸಗಿರಿದಾಯ್ ಎಂಬ ನೋಟದ ಜಾಗ ದಾಟುತ್ತದೆ, ಸುಮಾರು 680 ಮೀಟರು. ಅಲ್ಲಿ ಮಂಜು ಕಾಲ ಕೆಳಗಿದ್ದರೆ ದಿನ ಒಳ್ಳೆಯದು. ಅಲ್ಲಿಯೂ ಮುಚ್ಚಿಕೊಂಡು ಬೆಟ್ಟದ ತಲೆ ಕಾಣದಿದ್ದರೆ ಅದು ಮೋಡ, ಗೋಯಾಗೋಯೆವರೆಗೆ ಹೋಗಿ ನೋಡಿ ನಿರ್ಧರಿಸಿ.

ಕುಂಬ್ಳೆ ಹೊಳೆ

ಒಂದೇ ತಿದ್ದುಪಡಿ. ದಿನಗಳ ಕ್ರಮವನ್ನು ಈಗಲೇ ಗಟ್ಟಿ ಮಾಡಬೇಡಿ. ಗಾಳಿ ಜೋರಾದರೆ ರೋಪ್‌ವೇ ನಿಲ್ಲಿಸುತ್ತಾರೆ, ಅಂಥ ದಿನ ಮತಾಯೆಯೂ ಆಗದು. ಎರಡು ದಿನ ಮೊದಲು ಗಾಳಿಯ ಮುನ್ಸೂಚನೆ ನೋಡಿ, ಕಡಿಮೆ ಗಾಳಿಯ ದಿನ ಯುಫುವಿಗೆ ಕೊಡಿ, ಇನ್ನೊಂದು ದಿನ ತ್ಸುರುಮಿಗೆ. ಎರಡೂ ದಿನ ಗಾಳಿ ಎಂದಾದರೆ ಕನ್ನಾವಾ ಊಟ ಹಾಗೇ ಇರಲಿ, ಇನ್ನೊಂದು ದಿನ ಇಮೊರಿಗಾಜೊ ಬುಡದ ಹುಲ್ಲುಗಾವಲಿನಲ್ಲೇ ನಡೆಯಿರಿ. ರೋಪ್‌ವೇ ನಡೆಯುತ್ತಿದೆಯೇ ಎಂದು ಅವರ ತಾಣದಲ್ಲಿ ಬೆಳಗ್ಗೆ ನೋಡಿ, ಆಮೇಲೆ ಬಸ್ಸು ಹತ್ತಿ.